ಬೆನ್ನಿನ ನಡುವಿಗೆ ಬಂದು ನಿಂತ ಕೂದಲು: ಬೆಳೆಯುತ್ತಿಲ್ಲವೋ, ಮುರಿಯುತ್ತಿದೆಯೋ?

ಪ್ರಶ್ನೆ: ಡಾಕ್ಟ್ರೇ, ನನಗೆ 24 ವರ್ಷ. ಊರು ಅಂಕೋಲಾ, ಕೆಲಸ ಕಾರವಾರದಲ್ಲಿ. ಬೆಳಿಗ್ಗೆ ಎಂಟರ ಬಸ್ಸು ಹಿಡಿಯಬೇಕು. ಎರಡು ವರ್ಷದಿಂದ ಕೂದಲು ಬೆಳೆಸುತ್ತಿದ್ದೇನೆ, ಸೊಂಟ ಮುಟ್ಟಬೇಕು ಅಂತ ಆಸೆ. ಮೊದಮೊದಲು ಚೆನ್ನಾಗಿ ಬೆಳೆಯಿತು. ಈಗ ಎಂಟು ತಿಂಗಳಿಂದ ಬೆನ್ನಿನ ನಡುವಿಗೆ ಬಂದು ನಿಂತುಬಿಟ್ಟಿದೆ. ಒಂದೂವರೆ ವರ್ಷದ ಹಿಂದೆ ಅಕ್ಕನ ಮದುವೆಗೆ ಅಂತ ಸ್ಮೂದನಿಂಗ್ (ರಾಸಾಯನಿಕ ಹಚ್ಚಿ ಕೂದಲು ನೆಟ್ಟಗೆ ಮಾಡುವುದು) ಮಾಡಿಸಿದ್ದೆ. ಈಗ ಮೇಲೆ ಮತ್ತೆ ಗುಂಗುರು, ಕೆಳಗೆ ನೆಟ್ಟಗೆ. ಜಡೆಯ ತುದಿ ಇಲಿಬಾಲದ ಹಾಗಾಗಿದೆ. ಎಣ್ಣೆ ಸಾಲುತ್ತಿಲ್ಲ ಅಂತ ಅಮ್ಮ ಹೇಳುತ್ತಾರೆ. ಪಾರ್ಲರ್‌ನಲ್ಲಿ ಆರು ಇಂಚು ಕತ್ತರಿಸಬೇಕು ಅಂದರು. ಒಂದು ಲೋಟ ನೀರಿಗೆ ಕೂದಲು ಹಾಕಿ ನೋಡು, ಮುಳುಗಿದರೆ ಹಾಳಾಗಿದೆ ಅಂತ ಗೆಳತಿ ಹೇಳಿದಳು. ಹಾಕಿದೆ, ಮುಳುಗಿತು. ನನ್ನ ಕೂದಲು ನಿಜವಾಗಿಯೂ ಹಾಳಾಗಿದೆಯಾ? ಮನೆಯಲ್ಲೇ ಹೇಗೆ ಗುರುತಿಸಲಿ?

ಉತ್ತರ: ಲೋಟದ ವಿಷಯ ಮೊದಲು ಮುಗಿಸಿಬಿಡೋಣ. ಅದು ನಿಮ್ಮನ್ನು ಸುಮ್ನೆ ಹೆದರಿಸಿದೆ. ಕೂದಲು ನೀರಿಗಿಂತ ಭಾರ, ಅದರ ಸಾಂದ್ರತೆ ನೀರಿನ ಸುಮಾರು 1.3 ಪಟ್ಟು. ಹಾಗಾಗಿ ಯಾವ ಕೂದಲಾದರೂ ಕೊನೆಗೆ ಮುಳುಗಲೇಬೇಕು. ಸ್ವಲ್ಪ ಹೊತ್ತು ತೇಲಿದರೆ ಅದಕ್ಕೆ ಕಾರಣ ನೀರಿನ ಮೇಲ್ಮೈಯ ಬಿಗುವು, ಇಲ್ಲವೇ ಕೂದಲಿಗೆ ಅಂಟಿದ ಎಣ್ಣೆ. ನಿನ್ನೆ ಎಣ್ಣೆ ಹಚ್ಚಿದ್ದರೆ ಹಾಳಾದ ಕೂದಲೂ ತೇಲುತ್ತದೆ. ಈಗಷ್ಟೇ ಶಾಂಪೂ ಹಾಕಿ ತೊಳೆದ ಗಟ್ಟಿ ಕೂದಲೂ ಮುಳುಗುತ್ತದೆ. ಆ ಲೋಟವನ್ನು ಮರೆತುಬಿಡಿ.

ಅದರ ಬದಲು ಒಂದು ಟೈಲರ್ ಟೇಪು ತಗೊಳ್ಳಿ. ನಿಮಗೆ ಬೇಕಾದ ಉತ್ತರ ಅರ್ಧ ನಿಮ್ಮ ಪ್ರಶ್ನೆಯಲ್ಲೇ ಇದೆ. 'ಮೇಲೆ ಮತ್ತೆ ಗುಂಗುರು, ಕೆಳಗೆ ನೆಟ್ಟಗೆ' ಅಂತ ಬರೆದಿದ್ದೀರಲ್ಲ, ಅಲ್ಲಿದೆ. ನೆತ್ತಿಯ ಹತ್ತಿರದ ಸಣ್ಣದೊಂದು ಎಳೆ ಹಿಡಿದು, ಗುಂಗುರು ಬಿಡುವಷ್ಟು ಮೆಲ್ಲಗೆ ಎಳೆಯಿರಿ. ಬುಡದಿಂದ ಗುಂಗುರು ಮುಗಿಯುವ ಜಾಗದವರೆಗೆ ಅಳೆಯಿರಿ. ತಲೆಕೂದಲು ತಿಂಗಳಿಗೆ ಸುಮಾರು ಒಂದರಿಂದ ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಸ್ಮೂದನಿಂಗ್ ಆಗಿ 18 ತಿಂಗಳು. ಟೇಪು 18ರಿಂದ 22 ಸೆಂಟಿಮೀಟರ್ ತೋರಿಸಿದರೆ ನಿಮ್ಮ ಕೂದಲಿನ ಬುಡ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ನೀವು ಬರೆದದ್ದು ನೋಡಿದರೆ ಅಷ್ಟು ತೋರಿಸುತ್ತದೆ ಅಂತಲೇ ನನಗೆ ಅನಿಸುತ್ತದೆ.

ಹಾಗಾದರೆ ಕೂದಲು ಬೆಳೆಯುವುದು ನಿಂತಿಲ್ಲ. ಮೇಲೆ ಎಷ್ಟು ಬೆಳೆಯುತ್ತಿದೆಯೋ ಕೆಳಗೆ ಅಷ್ಟೇ ಮುರಿದು ಹೋಗುತ್ತಿದೆ. ಎಂಟು ತಿಂಗಳಲ್ಲಿ ಹೆಚ್ಚುಕಡಿಮೆ ಒಂಬತ್ತು ಸೆಂಟಿಮೀಟರ್ ಹೀಗೆ ಚೂರುಚೂರಾಗಿ ನಿಮ್ಮ ಬಾಚಣಿಗೆ, ಟವೆಲು, ಬಸ್ಸಿನ ಸೀಟಿನ ಮೇಲೆ ಉಳಿದಿದೆ.

ನನ್ನ ಹತ್ತಿರ ಬರುವ ಎಷ್ಟೋ ಹೆಣ್ಣುಮಕ್ಕಳಿಗೆ ಈ ಒಂದು ವಿಷಯ ಗೊತ್ತಿರುವುದಿಲ್ಲ. ವರ್ಷಗಟ್ಟಲೆ ಬುಡಕ್ಕೇ ಔಷಧಿ ಮಾಡುತ್ತಾರೆ. ದುಬಾರಿ ಸೀರಮ್ಮು, ಈರುಳ್ಳಿ ರಸ, ಬಯೋಟಿನ್ ಮಾತ್ರೆ. ತೊಂದರೆ ಇರುವುದು ಬುಡದಿಂದ ಒಂದೂವರೆ ಅಡಿ ಕೆಳಗೆ. ದುಡ್ಡೂ ಹೋಗುತ್ತದೆ, ಕೂದಲೂ ಹೋಗುತ್ತದೆ. ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಉದ್ದ ಕೂದಲನ್ನು ಅದರ ವಯಸ್ಸಿನ ಲೆಕ್ಕದಲ್ಲಿ ನೋಡಬೇಕು. ವರ್ಷಕ್ಕೆ 12ರಿಂದ 15 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಹೆಗಲ ಮೇಲೆ ಬಿದ್ದ ಕೂದಲಿಗೆ ಎರಡು, ಎರಡೂವರೆ ವರ್ಷ ಆಗಿರುತ್ತದೆ. ಬೆನ್ನಿನ ನಡುವಿನ ತುದಿಗೆ ಹತ್ತಿರ ಹತ್ತಿರ ನಾಲ್ಕು ವರ್ಷ. ಸೊಂಟ ಮುಟ್ಟಿದ ಕೂದಲಿಗೆ ಐದರ ಮೇಲೆ. ನಿಮ್ಮ ಜಡೆಯ ತುದಿ ಮೂರೋ ನಾಲ್ಕೋ ಮಳೆಗಾಲ ಕಂಡಿದೆ. ವಾರಕ್ಕೆ ಮೂರು ಸಲ ತಲೆಸ್ನಾನ ಅಂದರೂ ಆರುನೂರು ಸಲದ ಹತ್ತಿರ ನೆನೆದು ಒಣಗಿದೆ. ಮಧ್ಯದಲ್ಲಿ ಒಂದು ಸ್ಮೂದನಿಂಗೂ ಆಗಿದೆ. ನಿಮ್ಮ ಬುಡದ ಕೂದಲಿಗೆ ಇದ್ಯಾವುದೂ ಗೊತ್ತಿಲ್ಲ, ಅದು ಹೋದ ತಿಂಗಳು ಹುಟ್ಟಿದ್ದು.

ಹಾಗಾಗಿ ಹಾಳಾಗಿದೆಯೋ ಇಲ್ಲವೋ ನೋಡಲು ಬೇರೆ ಯಾರ ಕೂದಲೂ ಬೇಡ, ಜಾಹೀರಾತಿನ ಕೂದಲಂತೂ ಬೇಡವೇ ಬೇಡ. ನಿಮ್ಮದೇ ಬುಡ, ನಿಮ್ಮದೇ ತುದಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಷ್ಟು ವ್ಯತ್ಯಾಸ ಇದೆಯೋ ಅಷ್ಟು ಹಾಳಾಗಿದೆ ಅಂತ ಲೆಕ್ಕ. ನಾನು ಕ್ಲಿನಿಕ್ಕಿನಲ್ಲಿ ಮಾಡುವುದೂ ಇದನ್ನೇ, ಕೈಯಲ್ಲೊಂದು ಭೂತಗನ್ನಡಿ ಇರುತ್ತದೆ ಅಷ್ಟೆ.

ಏನು ಹಾಳಾಗುತ್ತದೆ ಅನ್ನುವುದನ್ನು ತಿಳಿದುಕೊಂಡರೆ ಗುರುತಿಸುವುದು ಸುಲಭ. ನಮ್ಮ ಕಡೆಯ ಹಂಚಿನ ಮಾಡು ನೋಡಿದ್ದೀರಲ್ಲ. ಕೂದಲಿನ ಹೊರಗೂ ಹಾಗೇ ಹಂಚು ಹೊದೆಸಿದಂತೆ ಸಣ್ಣ ಸಣ್ಣ ಹುರುಪೆಗಳಿವೆ. ಒಂದರ ಮೇಲೊಂದು, ಐದರಿಂದ ಹತ್ತು ಪದರ. ಅಂಚೆಲ್ಲ ತುದಿಯ ಕಡೆ ಮುಖ ಮಾಡಿರುತ್ತದೆ. ಅದರ ಮೇಲೆ ಹುಟ್ಟಿನಿಂದಲೇ ಬಂದ ತೆಳುವಾದ ಜಿಡ್ಡಿನ ಲೇಪ ಇರುತ್ತದೆ, ನೀರು ಜಾರಿ ಹೋಗುವುದು ಅದರಿಂದ. ಹುರುಪೆಗಳ ಒಳಗೆ ಉದ್ದುದ್ದ ನಾರಿನಂತಹ ಕೆರಟಿನ್ ಅನ್ನುವ ಪ್ರೋಟೀನು. ಕೂದಲಿನ ಗಟ್ಟಿತನ ಎಲ್ಲ ಆ ನಾರಿನದು. ಹಂಚು ಒಡೆದ ಜಾಗದಲ್ಲಿ ನೀರಿಳಿದು ರೀಪು, ಪಕಾಸು ಕುಂಬಾಗುವ ಹಾಗೆ, ಹುರುಪೆ ಕಿತ್ತುಹೋದ ಕಡೆ ಒಳಗಿನ ನಾರು ಬಿಚ್ಚಿಕೊಳ್ಳುತ್ತದೆ. ಮನೆಯ ಮಾಡಾದರೆ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಿ ಸರಿ ಮಾಡುತ್ತೇವೆ. ಕೂದಲಿಗೆ ಆ ಅನುಕೂಲ ಇಲ್ಲ. ಚರ್ಮದಿಂದ ಹೊರಗೆ ಬಂದ ಕೂದಲಿನಲ್ಲಿ ರಕ್ತ ಇಲ್ಲ, ಜೀವ ಇಲ್ಲ. ಒಡೆದ ಹುರುಪೆ ಮತ್ತೆ ಹುಟ್ಟುವುದಿಲ್ಲ.

ಈಗ ಗುರುತುಗಳಿಗೆ ಬರೋಣ. ತಲೆಸ್ನಾನ ಮಾಡಿ, ಎಣ್ಣೆ, ಸೀರಮ್ಮು ಏನೂ ಹಚ್ಚದೆ, ಕೂದಲು ಪೂರ್ತಿ ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ನೋಡಿ. ಮಳೆಗಾಲದಲ್ಲಿ ಅವಸರ ಮಾಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಗಾಳಿಯಲ್ಲಿ ಎಷ್ಟು ನೀರಿರುತ್ತದೆ ಅಂದರೆ ಗಟ್ಟಿ ಕೂದಲೂ ಉಬ್ಬಿ ಕೆದರಿ ನಿಲ್ಲುತ್ತದೆ. ಅದು ತೇವದ ಆಟ. ಹಾಳಾದ ಕೂದಲು ಅಂತ ತಿಳಿದು ಜುಲೈನಲ್ಲಿ ಕತ್ತರಿಸಿಕೊಂಡವರನ್ನು ನಾನು ನೋಡಿದ್ದೇನೆ. ಡಿಸೆಂಬರ್‌ನಲ್ಲಿ ಅದೇ ಕೂದಲು ತಾನಾಗಿಯೇ ಕೂರುತ್ತಿತ್ತು.

ಮೊದಲು ಉದುರಿದ ಕೂದಲು ನೋಡಿ. ಹಳೆಯ ಬಿಳಿ ಪಂಚೆಯೋ ದಿಂಬಿನ ಕವರೋ ನೆಲಕ್ಕೆ ಹಾಸಿ, ಅದರ ಮೇಲೆ ಕೂತು ತಲೆ ಬಾಚಿಕೊಳ್ಳಿ. ಬಿದ್ದದ್ದನ್ನೆಲ್ಲ ಒಂದೊಂದಾಗಿ ಹೆಕ್ಕಿ. ಕೂದಲು ಪೂರ್ತಿ ಉದ್ದ ಇದ್ದು, ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಗಂಟು ಇದ್ದರೆ ಅದು ಆಯುಷ್ಯ ಮುಗಿದು ಬುಡದಿಂದ ಬಿದ್ದ ಕೂದಲು. ದಿನಕ್ಕೆ 50ರಿಂದ 100 ಹೀಗೆ ಬೀಳುವುದು ಸಹಜ. ಆ ಬಿಳಿ ಗಂಟು ನೋಡಿ 'ಬೇರು ಸಮೇತ ಬಂತು' ಅಂತ ಎಷ್ಟೋ ಜನ ಗಾಬರಿಯಾಗುತ್ತಾರೆ. ಬೇರು ಒಳಗೇ ಇದೆ, ಅಲ್ಲಿಂದ ಮತ್ತೊಂದು ಹುಟ್ಟುತ್ತದೆ. ನಿಮಗೆ ಬೇಕಾಗಿರುವುದು ಆ ಗಂಟಿಲ್ಲದ ತುಂಡುಗಳು. ಎರಡು, ಮೂರು, ಐದು ಸೆಂಟಿಮೀಟರಿನ ಚೂರುಗಳು ಬಟ್ಟೆಯ ಮೇಲೆ ಜಾಸ್ತಿ ಕಂಡರೆ ಕೂದಲು ಮುರಿಯುತ್ತಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಆಮೇಲೆ ಜಡೆಯ ತುದಿಯನ್ನು ಕಪ್ಪು ಬಟ್ಟೆಯ ಮೇಲೆ ಹರಡಿ. ಕವಲೊಡೆದ ತುದಿ ಎಲ್ಲರಿಗೂ ಗೊತ್ತು. ಆದರೆ ಕವಲುಗಳಲ್ಲೂ ಬಗೆ ಇದೆ. ತುದಿಯಲ್ಲಿ ಮಾತ್ರ ನಾಗರನ ನಾಲಿಗೆಯ ಹಾಗೆ ಎರಡಾಗಿದ್ದರೆ ಅದು ಸವೆತ, ಉದ್ದ ಕೂದಲಿನಲ್ಲಿ ಒಂದಷ್ಟು ಇದ್ದೇ ಇರುತ್ತದೆ. ಸೀಳು ಮೇಲಕ್ಕೆ ಒಂದೆರಡು ಇಂಚು ಹತ್ತಿದ್ದರೆ, ಇಲ್ಲವೇ ಒಂದೇ ಕೂದಲಿಗೆ ಕೊಂಬೆಕೊಂಬೆಯಾಗಿ ಮೂರ್ನಾಲ್ಕು ಸೀಳಿದ್ದರೆ ಅದು ಬೆಳೆಯುತ್ತಿರುವ ಹಾನಿ. ಬಿಟ್ಟರೆ ಇನ್ನೂ ಮೇಲೆ ಹೋಗುತ್ತದೆ.

ಕವಲಿಗಿಂತ ನಾನು ಹೆಚ್ಚು ಹುಡುಕುವುದು ಬಿಳಿ ಚುಕ್ಕಿ. ಕೂದಲಿನ ನಡುವೆ ಎಲ್ಲೋ ಒಂದು ಕಡೆ ಹೊಟ್ಟಿನ ಚೂರು ಅಂಟಿದ ಹಾಗೆ ಕಾಣುತ್ತದೆ. ಹೊಟ್ಟಾದರೆ ಉಗುರಿನಿಂದ ಜಾರಿಸಿದರೆ ಹೋಗುತ್ತದೆ. ಇದು ಹೋಗುವುದಿಲ್ಲ. ಆ ಜಾಗದಲ್ಲಿ ಮೆಲ್ಲಗೆ ಬಗ್ಗಿಸಿ, ಮಡಿಕೆಯಾಗಿ ಪಟಕ್ಕನೆ ಮುರಿಯುತ್ತದೆ. ಹಳೆಯ ಕತ್ತದ ಹಗ್ಗವನ್ನು ನೆನೆಸಿಕೊಳ್ಳಿ. ಬಾವಿಯ ಗಡಗಡೆಗೆ ಉಜ್ಜಿ ಉಜ್ಜಿ ಒಂದು ಕಡೆ ನಾರು ಕೆದರಿ ಉಬ್ಬಿರುತ್ತದಲ್ಲ, ಇನ್ನೇನು ಹರಿಯುತ್ತದೆ ಅನ್ನುವ ಜಾಗ. ಬಿಳಿ ಚುಕ್ಕಿ ಅದೇ. ಹುರುಪೆ ಪೂರ್ತಿ ಹೋಗಿ, ಒಳಗಿನ ನಾರು ಕೆದರಿ ನಿಂತಿದೆ. ಭೂತಗನ್ನಡಿಯಲ್ಲಿ ಎರಡು ಕುಂಚಗಳನ್ನು ಎದುರುಬದುರು ಒತ್ತಿ ಹಿಡಿದ ಹಾಗೆ ಕಾಣುತ್ತದೆ. ಇಂಥ ಚುಕ್ಕಿಗಳು ತುದಿಯ ಎರಡು ಇಂಚಿನಲ್ಲಿ ಮಾತ್ರ ಇದ್ದರೆ ಕತ್ತರಿ ಹಾಕಿ ಮುಗಿಸಬಹುದು. ನಡುವಲ್ಲೂ ಇದ್ದರೆ ದಿನನಿತ್ಯದ ಅಭ್ಯಾಸದಲ್ಲೇ ಏನೋ ತಪ್ಪಾಗುತ್ತಿದೆ.

ಬೆರಳಿನ ಪರೀಕ್ಷೆ ಒಂದಿದೆ. ಒಂದು ಕೂದಲನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಬುಡದಿಂದ ತುದಿಗೆ ಎಳೆಯಿರಿ. ಆಮೇಲೆ ತುದಿಯಿಂದ ಬುಡಕ್ಕೆ. ತಿರುಗಿ ಎಳೆದಾಗ ಸ್ವಲ್ಪ ಒರಟು ಅನಿಸುವುದು ಸರಿಯೇ, ಹುರುಪೆಯ ಅಂಚಿಗೆ ಎದುರಾಗಿ ಹೋಗುತ್ತಿದ್ದೀರಿ. ಬುಡದಿಂದ ತುದಿಗೆ ಎಳೆದಾಗಲೂ ಕೆಳಗೆ ಬರುಬರುತ್ತಾ ತರಿತರಿಯಾದರೆ ಅದು ಹಾಳಾದ ಭಾಗ. ಎಲ್ಲಿಂದ ತರಿ ಶುರುವಾಯಿತು ಅಂತ ನೋಡಿಟ್ಟುಕೊಳ್ಳಿ. ನಿಮ್ಮ ಕೂದಲಿನಲ್ಲಿ ಗುಂಗುರು ಮುಗಿದು ನೆಟ್ಟಗಿನ ಭಾಗ ಶುರುವಾಗುವ ಗಡಿಯನ್ನು ಮುಖ್ಯವಾಗಿ ಮುಟ್ಟಿ ನೋಡಿ. ಎರಡು ಸ್ವಭಾವದ ಕೂದಲು ಕೂಡುವ ಜಾಗ ಅದು. ಸಿಕ್ಕು ಬಿಡಿಸುವಾಗ ಅಲ್ಲೇ ಎಳೆತ ಬೀಳುತ್ತದೆ.

ನೀರಿನ ಹನಿಯೂ ಒಳ್ಳೆಯ ಸಾಕ್ಷಿ. ಒಂದು ಎಳೆಯನ್ನು ತಟ್ಟೆಯ ಮೇಲೆ ಇಟ್ಟು, ಬುಡದ ಹತ್ತಿರ ಒಂದು ಹನಿ, ತುದಿಯ ಹತ್ತಿರ ಒಂದು ಹನಿ ಬಿಡಿ. ಕೆಸುವಿನ ಎಲೆಯ ಮೇಲಿನ ಹಾಗೆ ಮುತ್ತಾಗಿ ನಿಂತರೆ ಮೇಲಿನ ಜಿಡ್ಡಿನ ಲೇಪ ಇನ್ನೂ ಇದೆ. ತುದಿಯಲ್ಲಿ ಹನಿ ಹಾಕಿದ ಕೂಡಲೇ ಹೀರಿಕೊಂಡರೆ ಲೇಪ ಹೋಗಿದೆ. ಬಣ್ಣ, ಬ್ಲೀಚು, ಸ್ಮೂದನಿಂಗ್ ಮೊದಲು ತೆಗೆಯುವುದೇ ಆ ಲೇಪವನ್ನು. ನಿಮ್ಮ ತುದಿ ಹೀರಿಕೊಳ್ಳುತ್ತದೆ ಅಂತ ನಾನು ನೋಡದೆಯೇ ಹೇಳಬಲ್ಲೆ.

ಇನ್ನೊಂದು, ಒದ್ದೆ ಕೂದಲಿನ ಎಳೆತ. ಉದುರಿದ್ದೊಂದು ಕೂದಲನ್ನು ನೆನೆಸಿ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಗಟ್ಟಿ ಕೂದಲು ಒದ್ದೆಯಾದಾಗ ತನ್ನ ಉದ್ದದ ಮೂರನೇ ಒಂದರಷ್ಟು ಹಿಗ್ಗಿ, ಬಿಟ್ಟರೆ ಮತ್ತೆ ಕುಗ್ಗುತ್ತದೆ. ಎಳೆದ ಕೂಡಲೇ ತುಂಡಾದರೆ ನಾರು ಒಣಗಿ ಬಿರುಸಾಗಿದೆ. ಗಂಜಿಯ ಅಂಟಿನ ಹಾಗೆ ಎಳೆದಷ್ಟೂ ಬಂದು, ಬಿಟ್ಟರೆ ಹಿಂದೆ ಹೋಗದಿದ್ದರೆ ರಾಸಾಯನಿಕದಿಂದ ಒಳಗಿನ ಕಟ್ಟೇ ಸಡಿಲವಾಗಿದೆ. ಎರಡನೆಯದು ಹೆಚ್ಚು ಕೆಟ್ಟದ್ದು. ಸ್ಮೂದನಿಂಗ್ ಆದ ಕೂದಲಿನಲ್ಲಿ ಇದನ್ನು ಖಂಡಿತ ನೋಡಲೇಬೇಕು.

ತುದಿ ಕೆಂಚಗಾಗುವುದು, ಸಿಕ್ಕು ಜಾಸ್ತಿಯಾಗುವುದು, ಹೊಳಪು ಹೋಗುವುದು, ಇವೂ ಗುರುತುಗಳೇ. ಆದರೆ ಇವನ್ನೇ ನಂಬಿ ತೀರ್ಮಾನ ಮಾಡಬೇಡಿ. ಬಿಸಿಲಿಗೆ ಕೂದಲಿನ ಬಣ್ಣ ಮಾಸುತ್ತದೆ. ಟಾಗೋರ್ ಬೀಚಿನಲ್ಲಿ ಸಂಜೆ ಕೂದಲು ಬಿಟ್ಟುಕೊಂಡು ಅರ್ಧ ಗಂಟೆ ನಡೆದರೆ ಯಾರ ಕೂದಲಾದರೂ ಸಿಕ್ಕಾಗುತ್ತದೆ. ಬಾವಿ ನೀರಿನಲ್ಲಿ ಉಪ್ಪಿನಂಶವೋ ಕಬ್ಬಿಣದಂಶವೋ ಇದ್ದರೂ ಹೊಳಪು ಹೋಗುತ್ತದೆ. ನಿಮ್ಮ ಬಚ್ಚಲಿನ ಬಕೆಟ್ಟಿನ ಒಳಗೆ ಕೆಂಪು ಕಲೆಯೋ ಬಿಳಿ ಪೊರೆಯೋ ಕಟ್ಟುತ್ತಿದ್ದರೆ ಅದೇ ನಿಮ್ಮ ಕೂದಲಿನ ಮೇಲೂ ಕಟ್ಟುತ್ತಿದೆ. ಕೊನೆಯ ಎರಡು ತಂಬಿಗೆಗೆ ಮಳೆನೀರೋ ಕಾಯಿಸಿ ಆರಿಸಿದ ಒಳ್ಳೆಯ ನೀರೋ ಸಿಕ್ಕರೆ ಸಾಕು, ವ್ಯತ್ಯಾಸ ಕಾಣುತ್ತದೆ.

ಇಲಿಬಾಲದ ಜಡೆಯ ಬಗ್ಗೆ ಒಂದು ಸಮಾಧಾನ. ಎಲ್ಲ ಕೂದಲೂ ಒಂದೇ ದಿನ ಹುಟ್ಟಿದ್ದಲ್ಲ. ಹಾಗಾಗಿ ಜಡೆ ಕೆಳಗೆ ಹೋದಂತೆ ಸ್ವಲ್ಪ ಸಣ್ಣಗಾಗುವುದು ಪ್ರಕೃತಿ. ಮೆಲ್ಲಮೆಲ್ಲಗೆ ಸಣ್ಣಗಾದರೆ ಚಿಂತೆ ಇಲ್ಲ. ಒಂದು ಕಡೆ ದಪ್ಪ ಇದ್ದು, ನಾಲ್ಕು ಬೆರಳು ಕೆಳಗೆ ಅರ್ಧಕ್ಕರ್ಧ ಇಳಿದರೆ ಅಲ್ಲಿ ಮುರಿದಿದೆ. ಆ ಜಾಗಕ್ಕೂ ನೀವು ದಿನಾ ರಬ್ಬರ್ ಬ್ಯಾಂಡ್ ಹಾಕುವ ಜಾಗಕ್ಕೂ ಸಂಬಂಧ ಇದೆಯಾ ನೋಡಿ. ಬಹಳ ಸಲ ಇರುತ್ತದೆ.

ಹಣೆಯ ಮೇಲೆ, ಕಿವಿಯ ಮೇಲೆ ಸಣ್ಣ ಕೂದಲು ಎದ್ದು ನಿಂತಿದ್ದರೆ ಅದು ಹೊಸದೋ ಮುರಿದದ್ದೋ ಅಂತ ಕೇಳುತ್ತಾರೆ. ಹೊಸ ಕೂದಲಿನ ತುದಿ ಗರಿಕೆಯ ಚಿಗುರಿನ ಹಾಗೆ ಚೂಪಾಗಿ, ನುಣ್ಣಗೆ ಇರುತ್ತದೆ. ಮುರಿದದ್ದು ಮೊಂಡಾಗಿರುತ್ತದೆ. ಆದರೆ ಹಣೆಯ ಅಂಚು ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಿದ್ದರೆ, ಸಂಜೆ ಜಡೆ ಬಿಚ್ಚಿದಾಗ ಬುಡ ನೋಯುತ್ತಿದ್ದರೆ, ದಯವಿಟ್ಟು ಬಿಗಿಯಾಗಿ ಎಳೆದು ಕಟ್ಟುವುದನ್ನು ಇವತ್ತೇ ನಿಲ್ಲಿಸಿ. ತುದಿ ಹಾಳಾದರೆ ಹೊಸ ಕೂದಲು ಬರುತ್ತದೆ. ವರ್ಷಗಟ್ಟಲೆ ಎಳೆದು ಎಳೆದು ಬುಡವೇ ಸತ್ತರೆ ಮತ್ತೆ ಬರುವುದಿಲ್ಲ. ಅಬ್ಬಲಿಗೆ ದಂಡೆ, ಸುರಗಿ ಮಾಲೆ ಮುಡಿಯುವುದಕ್ಕೆ ನನ್ನ ಅಡ್ಡಿ ಇಲ್ಲ. ಅದನ್ನು ನಿಲ್ಲಿಸಲು ಚುಚ್ಚುವ ತುಕ್ಕು ಹಿಡಿದ ಪಿನ್ನಿಗೆ ಅಡ್ಡಿ ಇದೆ.

ಇನ್ನು ನಿಮ್ಮ ಕೂದಲು ಯಾಕೆ ಮುರಿಯುತ್ತಿದೆ ಅನ್ನುವುದು. ಸ್ಮೂದನಿಂಗ್ ಒಂದು ಕಾರಣ, ಅದು ಆಗಿಹೋಯಿತು. ಆದರೆ ಆಮೇಲೂ ಮೊದಲ ಹತ್ತು ತಿಂಗಳು ಕೂದಲು ಉದ್ದವಾಗುತ್ತಲೇ ಇತ್ತು. ಬಲ ಕಳೆದುಕೊಂಡ ಕೂದಲಿಗೆ ದಿನಾ ಯಾವುದೋ ಪೆಟ್ಟು ಬೀಳುತ್ತಿದೆ. ನೀವು ಎಂಟರ ಬಸ್ಸು ಅಂತ ಬರೆದಿದ್ದೀರಿ. ಒಂದು ಕೇಳುತ್ತೇನೆ. ಬೆಳಿಗ್ಗೆ ತಲೆಸ್ನಾನ ಮಾಡಿ, ಟವೆಲಿನಲ್ಲಿ ತಿಕ್ಕಿ, ಒದ್ದೆ ಇರುವಾಗಲೇ ಬಾಚಿ, ಒದ್ದೆ ಜಡೆ ಹಾಕಿಕೊಂಡು ಓಡುತ್ತೀರಲ್ವಾ?

ಯಾಕೆ ಕೇಳಿದೆ ಅಂದರೆ ನಾನೂ ಅದನ್ನೇ ಮಾಡಿದವಳು. ನನ್ನ ಊರು ಶಿರಸಿಯ ಹತ್ತಿರ. ಚಿಕ್ಕಂದಿನಲ್ಲಿ ಅಮ್ಮಮ್ಮ ವಾರಕ್ಕೊಂದು ದಿನ ತಲೆಗೆ ಎಣ್ಣೆ ಹಚ್ಚಿ ಮೀಯಿಸುತ್ತಿದ್ದಳು. ದಾಸವಾಳದ ಸೊಪ್ಪನ್ನು ನೀರಿನಲ್ಲಿ ಹಿಸುಕಿ, ಲೋಳೆಯನ್ನು ಹಳೆ ಪಂಚೆಯಲ್ಲಿ ಸೋಸಿ, ಆ ಲೋಳೆ ಹಚ್ಚಿ ಬೆರಳಿನಲ್ಲೇ ಸಿಕ್ಕು ಬಿಡಿಸುತ್ತಿದ್ದಳು. ಎಲೆಯ ಒಂದು ಚೂರೂ ಕೂದಲಿಗೆ ಹತ್ತಬಾರದು ಅಂತ ಎರಡೆರಡು ಸಲ ಸೋಸುವಳು. ಮಿಂದ ಮೇಲೆ ಮಧ್ಯಾಹ್ನವಿಡೀ ಜಗಲಿಯಲ್ಲಿ ಕೂದಲು ಬಿಟ್ಟುಕೊಂಡು ಕೂರಬೇಕು. ಒಣಗುವವರೆಗೆ ಹಣಿಗೆ ಮುಟ್ಟಲು ಬಿಡುತ್ತಿರಲಿಲ್ಲ. ಆಗ ನನ್ನ ಜಡೆ ಸೊಂಟದ ಕೆಳಗೆ ಇತ್ತು. ಆಮೇಲೆ ಓದಲು ಹಾಸ್ಟೆಲ್ ಸೇರಿದೆ. ಬೆಳಿಗ್ಗೆ ಏಳೂವರೆಗೆ ಕ್ಲಾಸು, ಆರಕ್ಕೆ ತಲೆಸ್ನಾನ, ಒದ್ದೆ ಜಡೆ. ಸಂಜೆ ಬಿಚ್ಚಿದರೆ ಜಡೆಯ ಒಳಗೆ ಇನ್ನೂ ತೇವ, ಒಂದು ಥರ ವಾಸನೆ. ಎರಡು ವರ್ಷದಲ್ಲಿ ಜಡೆ ಅರ್ಧವಾಯಿತು. ಊಟ ಸರಿ ಇಲ್ಲ, ನೀರು ಸರಿ ಇಲ್ಲ ಅಂತ ಎಲ್ಲರೂ ಹೇಳಿದರು, ನಾನೂ ನಂಬಿದೆ. ಚರ್ಮರೋಗ ಓದುವಾಗ ಒಂದು ದಿನ ನನ್ನದೇ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದೆ. ಒಂದೇ ಕೂದಲಿನಲ್ಲಿ ನಾಲ್ಕು ಕಡೆ ಆ ಕೆದರಿದ ಕತ್ತದ ಹಗ್ಗ ಕಂಡಿತು.

ಕೂದಲು ತನ್ನ ತೂಕದ ಸುಮಾರು 30 ಶೇಕಡಾ ನೀರು ಹೀರಿಕೊಳ್ಳಬಲ್ಲದು. ಹೀರಿದಾಗ ಉಬ್ಬುತ್ತದೆ, ಹುರುಪೆಗಳ ಅಂಚು ಮೇಲೇಳುತ್ತದೆ, ಒಳಗಿನ ಕಟ್ಟು ತಾತ್ಕಾಲಿಕವಾಗಿ ಸಡಿಲವಾಗುತ್ತದೆ. ಆ ಹೊತ್ತಿನಲ್ಲಿ ಸಣ್ಣ ಹಲ್ಲಿನ ಬಾಚಣಿಗೆ ಎಳೆದರೆ, ಟವೆಲಿನಲ್ಲಿ ಗಸಗಸ ಉಜ್ಜಿದರೆ, ಹುರುಪೆ ಕಿತ್ತು ಬರುತ್ತದೆ. ಒದ್ದೆಯಲ್ಲೇ ಬಿಗಿದು ಜಡೆ ಹಾಕಿದರೆ ಹಿಗ್ಗಿದ ಸ್ಥಿತಿಯಲ್ಲೇ ತಾಸುಗಟ್ಟಲೆ ಎಳೆತದಲ್ಲಿರುತ್ತದೆ. ಅಂಕೋಲಾದಿಂದ ಕಾರವಾರಕ್ಕೆ ಸುಮಾರು 35 ಕಿಲೋಮೀಟರ್. ಕಿಟಕಿ ಪಕ್ಕದ ಸೀಟು ಸಿಕ್ಕರೆ ಸಮುದ್ರದ ಗಾಳಿ ಬೇರೆ. ಹೀಗೆ ವಾರಕ್ಕೆ ಐದಾರು ದಿನ.

ಆದ್ದರಿಂದ ನನ್ನ ಮೊದಲ ಸಲಹೆ ಯಾವ ಎಣ್ಣೆಯೂ ಅಲ್ಲ, ಸ್ನಾನದ ಹೊತ್ತು ಬದಲಿಸಿ. ವಾರಕ್ಕೆ ಎರಡು ಸಲ, ಸಂಜೆ ಮನೆಗೆ ಬಂದ ಕೂಡಲೇ ತಲೆಸ್ನಾನ. ಮಲಗುವ ಹೊತ್ತಿಗೆ ಒಣಗಿರಬೇಕು. ಬೆಳಿಗ್ಗೆ ಕತ್ತಿನಿಂದ ಕೆಳಗೆ ಮಿಂದರೆ ಸಾಕು. ನೀರನ್ನು ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಸಿಕ್ಕು ಬಿಡಿಸಲು ಅಗಲ ಹಲ್ಲಿನ ಹಣಿಗೆ, ಅದೂ ತುದಿಯಿಂದ ಶುರು ಮಾಡಿ ಮೇಲೆ ಮೇಲೆ ಬನ್ನಿ. ಮಳೆಗಾಲದಲ್ಲಿ ಒಣಗುವುದೇ ಇಲ್ಲ ಅನ್ನುತ್ತೀರಿ, ನಿಜ. ಫ್ಯಾನಿನ ಕೆಳಗೆ ಕೂರಿ. ಡ್ರೈಯರ್ ಬೇಕೇ ಬೇಕು ಅಂದರೆ ಮುಕ್ಕಾಲು ಒಣಗಿದ ಮೇಲೆ, ಕಡಿಮೆ ಬಿಸಿಯಲ್ಲಿ, ಒಂದು ಗೇಣು ದೂರದಿಂದ. ಒದ್ದೆ ಕೂದಲಿಗೆ ಸ್ಟ್ರೇಟನರ್ ಇಟ್ಟಾಗ ಚುಂಯ್ ಅನ್ನುತ್ತದಲ್ಲ, ಅದು ಕೂದಲಿನ ಒಳಗಿನ ನೀರು ಕುದಿಯುವ ಸದ್ದು. ಒಳಗೆ ಗುಳ್ಳೆ ಎದ್ದು ಕೂದಲು ಟೊಳ್ಳಾಗುತ್ತದೆ.

ನಿಮ್ಮ ಅಮ್ಮ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಸೀಳಿದ ತುದಿಯನ್ನು ಎಣ್ಣೆ ಅಂಟಿಸುವುದಿಲ್ಲ. ಆದರೆ ಸ್ನಾನಕ್ಕೆ ಮುಂಚೆ ಹಚ್ಚಿದ ತೆಂಗಿನೆಣ್ಣೆ ಇನ್ನಷ್ಟು ಹಾಳಾಗುವುದನ್ನು ತಡೆಯುತ್ತದೆ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದರು. ಕೂದಲಿನ ಪ್ರೋಟೀನು ತೊಳೆದುಹೋಗುವುದನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆ ಮಾತ್ರ. ಅದರಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲ ಕೂದಲಿನ ಒಳಗೆ ಇಳಿಯುತ್ತದೆ, ನೀರು ಹೀರಿ ಉಬ್ಬುವುದನ್ನು ತಗ್ಗಿಸುತ್ತದೆ. ಹಾಗಾಗಿ ಸ್ನಾನಕ್ಕೆ ಒಂದು ತಾಸು ಮುಂಚೆ ಎರಡು ಚಮಚ ಎಣ್ಣೆಯನ್ನು ಕಿವಿಯಿಂದ ಕೆಳಗಿನ ಕೂದಲಿಗೆ ಹಚ್ಚಿ. ನಾವೆಲ್ಲ ನೆತ್ತಿಗೆ ಬಡಿದು ಬಡಿದು ಹಚ್ಚುತ್ತೇವೆ, ತುದಿಗೆ ಕೈಯಲ್ಲಿ ಉಳಿದ ಜಿಡ್ಡಷ್ಟೇ ಸಿಗುತ್ತದೆ. ತಿರುಗಿಸಿ ಮಾಡಿ. ತಲೆಯಲ್ಲಿ ಹೊಟ್ಟು ಇದ್ದರಂತೂ ನೆತ್ತಿಗೆ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಬೇಡಿ.

ಶಾಂಪೂ ನೆತ್ತಿಗೆ ಸಾಕು, ನೊರೆ ಇಳಿದು ಹೋಗುವಾಗ ಉದ್ದಕ್ಕೆ ಅದೇ ಸಾಕಾಗುತ್ತದೆ. ಕಂಡೀಷನರ್ ಉದ್ದಕ್ಕೆ ಮಾತ್ರ, ಪ್ರತಿ ಸಲ. ಸೀಗೆಪುಡಿ ಇಷ್ಟವಾದರೆ ನೆನೆಸಿ ಬಟ್ಟೆಯಲ್ಲಿ ಸೋಸಿದ ನೀರು ಬಳಸಿ. ತರಿ ಪುಡಿಯನ್ನು ಉದ್ದ ಕೂದಲಿಗೆ ತಿಕ್ಕಿದರೆ ಮರಳು ಹಾಕಿ ಉಜ್ಜಿದ ಹಾಗೆ. ಮೈಗೆ ಹಚ್ಚುವ ಸಾಬೂನು ತಲೆಗೆ ಬೇಡ, ಅದರ ಕ್ಷಾರಕ್ಕೆ ಹುರುಪೆ ಏಳುತ್ತದೆ. ಸಮುದ್ರಕ್ಕೆ ಇಳಿಯುವುದಾದರೆ ಮೊದಲೇ ಒಳ್ಳೆಯ ನೀರಿನಲ್ಲಿ ತಲೆ ನೆನೆಸಿ, ಎಣ್ಣೆ ಹಚ್ಚಿ ಇಳಿಯಿರಿ. ಆಗ ಉಪ್ಪುನೀರಿಗೆ ಜಾಗ ಕಡಿಮೆ. ಮತ್ತೆ ಸ್ಮೂದನಿಂಗ್ ಬೇಡವೇ ಬೇಡ. ಗುಂಗುರು ಚೆನ್ನಾಗಿಯೇ ಇರುತ್ತದೆ, ಬೆಳೆಯಲು ಬಿಡಿ.

ಬಟ್ಟೆಯ ಮೇಲೆ ಬಿದ್ದ ಕೂದಲು ನೋಡಿದಾಗ ಹೆಚ್ಚಿನವಕ್ಕೆ ಬಿಳಿ ಗಂಟು ಇದ್ದು, ದಿನಕ್ಕೆ ನೂರಕ್ಕಿಂತ ಎಷ್ಟೋ ಜಾಸ್ತಿ ಬೀಳುತ್ತಿದ್ದರೆ ಕಥೆ ಬೇರೆ. ಡೆಂಗಿ, ಟೈಫಾಯ್ಡ್‌ನಂಥ ಜೋರು ಜ್ವರ, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸಿದ್ದು, ಇವುಗಳಾಗಿ ಎರಡು ಮೂರು ತಿಂಗಳಿಗೆ ಹಾಗೆ ಉದುರುವುದುಂಟು. ರಕ್ತಹೀನತೆ, ಥೈರಾಯ್ಡ್ ತೊಂದರೆಯಲ್ಲೂ ಉದುರುತ್ತದೆ. ನಿಮ್ಮ ತಿಂಗಳ ಸ್ರಾವ ಜಾಸ್ತಿ ಇದ್ದರೆ, ಸುಸ್ತು ಇದ್ದರೆ, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದಂಶ), ಟಿಎಸ್ಎಚ್ (ಥೈರಾಯ್ಡ್) ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಬೈತಲೆ ಅಗಲವಾಗುತ್ತಿದ್ದರೆ, ದುಂಡಗೆ ಬೋಳಾದ ಜಾಗ ಕಂಡರೆ, ಮನೆಮದ್ದು ಮಾಡುತ್ತಾ ಕೂರದೆ ಚರ್ಮದ ಡಾಕ್ಟರನ್ನು ನೋಡಿ.

ಕೊನೆಗೆ ಕತ್ತರಿಯ ವಿಷಯ. ಆರು ಇಂಚು ಅಂತ ಸುಮ್ನೆ ಒಪ್ಪಬೇಡಿ. ಒಂದೂ ಕತ್ತರಿಸುವುದಿಲ್ಲ ಅಂತ ಹಟವೂ ಬೇಡ. ಕತ್ತರಿಸಿದರೆ ಬೇಗ ಬೆಳೆಯುತ್ತದೆ ಅನ್ನುವುದು ಸುಳ್ಳು, ಬುಡಕ್ಕೆ ತುದಿಯ ಸುದ್ದಿ ಗೊತ್ತಾಗುವುದಿಲ್ಲ. ಆದರೆ ಸೀಳು ಮೇಲೆ ಹತ್ತುವುದು ನಿಲ್ಲುತ್ತದೆ. ಲೆಕ್ಕ ಹಾಕಿ ನೋಡಿ. ಮೂರು ತಿಂಗಳಿಗೆ ಮೂರೂವರೆ ಸೆಂಟಿಮೀಟರ್ ಬೆಳೆಯುತ್ತದೆ, ಒಂದು ಸೆಂಟಿಮೀಟರ್ ಕತ್ತರಿಸಿದರೂ ವರ್ಷಕ್ಕೆ ಹತ್ತು ಸೆಂಟಿಮೀಟರ್ ಉಳಿಯುತ್ತದೆ. ಈಗ ನಿಮಗೆ ಉಳಿಯುತ್ತಿರುವುದು ಸೊನ್ನೆ.

ಪಾರ್ಲರ್‌ಗೆ ಹೋಗುವ ಮೊದಲು ಮನೆಯಲ್ಲೇ ಒಣ ಕೂದಲನ್ನು ಮುಂದಕ್ಕೆ ಹಾಕಿಕೊಂಡು, ಎರಡು ಬೆರಳಿನ ನಡುವೆ ಹಿಡಿದು ಮೇಲಿಂದ ಕೆಳಕ್ಕೆ ಜಾರಿಸಿ. ಎಲ್ಲಿ ಹಿಡಿ ತಟ್ಟನೆ ಸಣ್ಣಗಾಗುತ್ತದೆ, ಎಲ್ಲಿಂದ ಬಿಳಿ ಚುಕ್ಕಿಗಳು ಒತ್ತಾಗುತ್ತವೆ, ಅಲ್ಲೊಂದು ದಾರ ಕಟ್ಟಿ. ನೀವು ಬರೆದದ್ದನ್ನು ನೋಡಿದರೆ ಅದು ತುದಿಯಿಂದ ಎರಡು ಇಂಚಿನ ಆಸುಪಾಸಿನಲ್ಲಿ ಇರಬಹುದು. ಒದ್ದೆ ಮಾಡದೆ, ಆ ದಾರದ ಮೇಲೆ ಅರ್ಧ ಇಂಚು ಬಿಟ್ಟು ನೇರವಾಗಿ ಕತ್ತರಿಸಿ ಅಂತ ಹೇಳಿ. ಲೇಯರ್ ಬೇಡ ಅನ್ನಿ, ರೇಜರ್ ಮುಟ್ಟಿಸಲು ಬಿಡಬೇಡಿ. ಆ ದಿನ ಟೇಪಿನಲ್ಲಿ ಅಳೆದು ಕ್ಯಾಲೆಂಡರ್ ಮೇಲೆ ಬರೆದಿಡಿ. ಮೂರು ತಿಂಗಳು ಬಿಟ್ಟು ಮತ್ತೆ ಅಳೆಯಿರಿ. ಮೂರು ಸೆಂಟಿಮೀಟರ್ ಹತ್ತಿರ ಜಾಸ್ತಿಯಾಗಿದ್ದರೆ ಮುರಿಯುವುದು ನಿಂತಿದೆ. ಆಗಿಲ್ಲ ಅಂದರೆ ಬಿಳಿ ಪಂಚೆಯ ಮೇಲೆ ಬಿದ್ದ ಕೂದಲನ್ನು ಒಂದು ಕಾಗದದಲ್ಲಿ ಸುತ್ತಿ ತಗೊಂಡು ಬನ್ನಿ, ಇಬ್ಬರೂ ಕೂತು ನೋಡೋಣ.